ವಾಚಿನ ಕಿಲೋಮೀಟರು, ರಸ್ತೆಯ ಕಿಲೋಮೀಟರು: ಓಟದ ದೂರವನ್ನೂ ಪೇಸನ್ನೂ ಸರಿಯಾಗಿ ಅಳೆದುಕೊಳ್ಳುವ ಬಗೆ

ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ವರ್ಲ್ಡ್ 10ಕೆಯಂತಹ ಓಟದ ಮುಕ್ತಾಯದ ಗೆರೆಯ ಬಳಿ ಸ್ವಲ್ಪ ಹೊತ್ತು ನಿಂತರೆ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ಗೆರೆ ದಾಟಿದವರು ಉಸಿರು ಸುಧಾರಿಸಿಕೊಳ್ಳುವುದಕ್ಕೂ ಮೊದಲು ಮಣಿಕಟ್ಟು ನೋಡಿಕೊಳ್ಳುತ್ತಾರೆ. ಒಬ್ಬರ ವಾಚ್ 10.08 ಕಿ.ಮೀ. ಎನ್ನುತ್ತದೆ, ಪಕ್ಕದವರದು 10.21 ಎನ್ನುತ್ತದೆ, ಇನ್ನೊಬ್ಬರದು 9.94ಕ್ಕೇ ನಿಂತಿರುತ್ತದೆ. ಮೂವರೂ ಓಡಿದ್ದು ಒಂದೇ ರಸ್ತೆ. ಮೂವರಿಗೂ ಅನುಮಾನ ಬರುವುದು ಮಾತ್ರ ಆಯೋಜಕರ ಅಳತೆಯ ಮೇಲೆ. ನನ್ನ ಅನುಭವದಲ್ಲಿ ಅನುಮಾನಪಡಬೇಕಾದದ್ದು ಬಹುಪಾಲು ವಾಚಿನ ಮೇಲೆಯೇ. ಅಂದಮಾತ್ರಕ್ಕೆ ವಾಚ್ ಕೆಟ್ಟದ್ದು ಎಂದಲ್ಲ. ಅಂಗಡಿಯವನು ತೂಕ ಹಾಕುವ ಮೊದಲು ಖಾಲಿ ತಕ್ಕಡಿಯ ತಟ್ಟೆಗಳು ಸಮನಾಗಿವೆಯೇ ಎಂದು ನೋಡುವಂತೆ, ಓಟಗಾರನೂ ತನ್ನ ವಾಚ್ ಯಾವ ಕಡೆಗೆ, ಎಷ್ಟು ವಾಲುತ್ತದೆ ಎಂಬುದನ್ನು ಮೊದಲು ಅಳೆದುಕೊಂಡಿರಬೇಕು. ಈ ಬರಹದಲ್ಲಿ ಹೇಳಹೊರಟಿರುವುದು ಆ ಕೆಲಸವನ್ನು ಹೇಗೆ ಮಾಡಬೇಕು ಎಂಬುದನ್ನು.

ವಾಚಿಗೆ ದೂರ ತಿಳಿಯುವುದು ಹೇಗೆ

ಓಡಿದ ದೂರವನ್ನು ಕಂಡುಹಿಡಿಯಲು ಮೈಮೇಲೆ ಧರಿಸುವ ಸಾಧನಗಳಿಗೆ ಎರಡು ದಾರಿಗಳಿವೆ. ಮೊದಲನೆಯದು ಉಪಗ್ರಹಗಳ ನೆರವಿನದು. ಅಮೆರಿಕದ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ಸದಾ ಸಮಯದ ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ವಾಚ್ ತಾನಿರುವ ಜಾಗವನ್ನು ಲೆಕ್ಕ ಹಾಕಬಲ್ಲದು. ರಷ್ಯಾದ ಗ್ಲೋನಾಸ್, ಯೂರೋಪಿನ ಗೆಲಿಲಿಯೊ, ಚೀನಾದ ಬೈದೂ ಕೂಡ ಇದೇ ತತ್ತ್ವದ ಮೇಲೆ ನಡೆಯುತ್ತವೆ. ನಮ್ಮ ಇಸ್ರೊ ರೂಪಿಸಿದ ನಾವಿಕ್ ಸಂಕೇತವನ್ನು ಕೆಲವು ಫೋನುಗಳು ಬಳಸಿಕೊಳ್ಳುತ್ತವೆ. ವಾಚ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಒಂದು ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು, ಆ ಪುಟ್ಟ ಗೆರೆಗಳನ್ನೆಲ್ಲ ಕೂಡಿಸಿ ದೂರ ಎನ್ನುತ್ತದೆ. ರಂಗೋಲಿ ಹಾಕುವಾಗ ಚುಕ್ಕೆ ತುಸು ಅತ್ತಿತ್ತ ಬಿದ್ದರೆ ಗೆರೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಗೆರೆ ನೇರ ಗೆರೆಗಿಂತ ಉದ್ದವಾಗುತ್ತದೆ. ನೇರ ರಸ್ತೆಯಲ್ಲಿ ಜಿಪಿಎಸ್ ವಾಚ್ ಸಾಮಾನ್ಯವಾಗಿ ತುಸು ಹೆಚ್ಚು ದೂರ ತೋರಿಸುವುದಕ್ಕೆ ಕಾರಣ ಇದೇ. ಇದಕ್ಕೆ ತದ್ವಿರುದ್ಧವಾಗಿ, ತಿರುವುಗಳೇ ಹೆಚ್ಚಿರುವ ದಾರಿಯಲ್ಲಿ ಚುಕ್ಕೆಗಳು ವಿರಳವಾಗಿ ಬಿದ್ದರೆ ಗೆರೆಯು ತಿರುವನ್ನು ಅಡ್ಡಹಾಯ್ದು ಹೋಗುತ್ತದೆ, ದೂರ ಕಡಿಮೆಯಾಗಿ ದಾಖಲಾಗುತ್ತದೆ.

ಎರಡನೆಯ ದಾರಿ ಹೆಜ್ಜೆಯ ಲೆಕ್ಕದ್ದು. ವಾಚಿನೊಳಗಿನ ಅಥವಾ ಶೂಗೆ ಸಿಕ್ಕಿಸಿದ ಚಲನ ಸಂವೇದಕವು ಹೆಜ್ಜೆಗಳನ್ನು ಎಣಿಸಿ, ಪ್ರತಿ ಹೆಜ್ಜೆಯ ಉದ್ದವನ್ನು ಅಂದಾಜಿಸಿ, ಎರಡನ್ನೂ ಗುಣಿಸುತ್ತದೆ. ಹೆಜ್ಜೆ ಎಣಿಸುವುದು ಸುಲಭ, ಅದರಲ್ಲಿ ತಪ್ಪು ಕಡಿಮೆ. ಹೆಜ್ಜೆಯ ಉದ್ದವಾದರೋ ವೇಗ ಹೆಚ್ಚಿದಂತೆ ಹೆಚ್ಚುತ್ತದೆ, ಆಯಾಸವಾದಂತೆ ಕುಗ್ಗುತ್ತದೆ, ಏರಿನಲ್ಲಿ ಒಂದಾಗಿ ಇಳಿಜಾರಿನಲ್ಲಿ ಇನ್ನೊಂದಾಗುತ್ತದೆ. ಹಾಗಾಗಿ ಈ ಲೆಕ್ಕದಲ್ಲಿ ದೋಷ ಹೊಕ್ಕುವುದು ಅಲ್ಲಿಂದಲೇ.

ಕೊಳ್ಳುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಅಗ್ಗದ ಬ್ಯಾಂಡುಗಳ ಪೆಟ್ಟಿಗೆಯ ಮೇಲೆ ಜಿಪಿಎಸ್ ಎಂದು ಬರೆದಿದ್ದರೂ ಎಷ್ಟೋ ವೇಳೆ ಅದು ಜೇಬಿನಲ್ಲಿರುವ ಫೋನಿನ ಜಿಪಿಎಸ್ಸನ್ನು ಎರವಲು ಪಡೆಯುವ ವ್ಯವಸ್ಥೆಯಾಗಿರುತ್ತದೆ. ಫೋನನ್ನು ಮನೆಯಲ್ಲಿಟ್ಟು ಓಡಿದರೆ ಅಂತಹ ಬ್ಯಾಂಡ್ ಹೆಜ್ಜೆಯ ಅಂದಾಜಿಗೆ ಇಳಿಯುತ್ತದೆ, ಆದರೆ ಪರದೆಯ ಮೇಲೆ ಅಂಕಿಗಳನ್ನು ಅದೇ ಧೈರ್ಯದಿಂದ ತೋರಿಸುತ್ತದೆ. ಜಿಪಿಎಸ್ ವಾಚಿನೊಳಗೇ ಇದೆಯೇ ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಖಚಿತಪಡಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಗಾರ್ಮಿನ್, ಕೊರೊಸ್, ಪೋಲಾರ್, ಸುಂಟೊ, ಆ್ಯಪಲ್, ಅಮೇಜ್‌ಫಿಟ್ ಮುಂತಾದವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ನಾನು ಕೈಹಾಕುವುದಿಲ್ಲ. ಆದರೆ ಲ್ಯಾಪ್ ಹಾಕಲು, ಎಂದರೆ ಓಟದ ಒಂದೊಂದು ಭಾಗವನ್ನು ಬೇರೆಯಾಗಿ ದಾಖಲಿಸಲು, ಒತ್ತುವ ಗುಂಡಿ ಇರುವ ವಾಚ್ ಓಟಗಾರನಿಗೆ ಹೆಚ್ಚು ಅನುಕೂಲ. ಬೆವರು ಸುರಿಯುವಾಗ, ಜಡಿಮಳೆಯಲ್ಲಿ, ಬರೀ ಮುಟ್ಟುವ ಪರದೆಯನ್ನು ನೆಚ್ಚಿಕೊಂಡವರು ಪಡುವ ಪಾಡನ್ನು ಮಳೆಗಾಲದಲ್ಲಿ ಓಡಿದವರೇ ಬಲ್ಲರು.

ಮನೆಯ ಬಾಗಿಲಲ್ಲಿ ಎರಡು ನಿಮಿಷ

ವಾಚ್ ಆನ್ ಮಾಡಿದ ಕೂಡಲೇ ಓಡತೊಡಗುವುದು ಅತಿ ಸಾಮಾನ್ಯವಾದ ತಪ್ಪು. ಉಪಗ್ರಹಗಳು ಈ ಹೊತ್ತಿನಲ್ಲಿ ಆಕಾಶದ ಯಾವ ಭಾಗದಲ್ಲಿವೆ ಎಂಬ ಮಾಹಿತಿ ವಾಚಿನಲ್ಲಿ ಮೊದಲೇ ಇದ್ದರೆ ಸ್ಥಳ ಬೇಗ ಸಿಗುತ್ತದೆ. ಇಲ್ಲವಾದರೆ ಆ ಮಾಹಿತಿಯನ್ನು ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕಾಗುತ್ತದೆ. ಬಹುತೇಕ ವಾಚುಗಳು ಫೋನಿನ ಆ್ಯಪ್ ಜೊತೆ ಸಿಂಕ್ ಆದಾಗ ಮುಂದಿನ ಕೆಲವು ದಿನಗಳ ಉಪಗ್ರಹ ಮಾಹಿತಿಯನ್ನು ತಂದಿಟ್ಟುಕೊಳ್ಳುತ್ತವೆ. ಆದ್ದರಿಂದ ಬೆಳಗಿನ ಓಟಕ್ಕೆ ಹಿಂದಿನ ರಾತ್ರಿಯೇ ಒಮ್ಮೆ ಸಿಂಕ್ ಮಾಡಿಡುವುದು ಒಳ್ಳೆಯದು. ಬೇರೆ ಊರಿಗೆ ಹೋಗಿ ಓಡುವಾಗಲಂತೂ ಇದನ್ನು ಮರೆಯಬಾರದು.

ಓಟ ಆರಂಭಿಸುವ ಮೊದಲು ಮನೆಯ ಮಾಡಿನ ಕೆಳಗಲ್ಲ, ಅಪಾರ್ಟ್‌ಮೆಂಟಿನ ಪೋರ್ಟಿಕೋದಲ್ಲೂ ಅಲ್ಲ, ತಲೆಯ ಮೇಲೆ ಆಕಾಶ ಕಾಣುವ ಜಾಗಕ್ಕೆ ಬಂದು ಓಟದ ಪರದೆಯನ್ನು ತೆರೆದು ಕಾಯಬೇಕು. ಸಂಕೇತ ಸಿಕ್ಕಿತೆಂದು ವಾಚ್ ಬಣ್ಣ ಬದಲಿಸಿಯೋ ಕಂಪಿಸಿಯೋ ತಿಳಿಸಿದ ಮೇಲೂ ಇನ್ನೊಂದು ನಿಮಿಷ ನಿಂತು ಮೈ ಸಡಿಲಿಸಿಕೊಳ್ಳುವುದು ಲೇಸು. ಮೊದಲು ಕೈಗೆ ಸಿಕ್ಕಿದ್ದು ನಾಲ್ಕೇ ಉಪಗ್ರಹಗಳಾಗಿದ್ದರೆ ಆ ಒಂದು ನಿಮಿಷದಲ್ಲಿ ಇನ್ನೂ ಹಲವು ಸೇರಿಕೊಂಡು ಚುಕ್ಕೆ ಸ್ಥಿರವಾಗುತ್ತದೆ. ನಕ್ಷೆಯಲ್ಲಿ ಓಟದ ಗೆರೆಯು ಎದುರುಮನೆಯ ತಾರಸಿಯಿಂದ ಹೊರಟಂತೆ ಕಂಡರೆ ನೀವು ಕಾಯಲಿಲ್ಲವೆಂದೇ ಅರ್ಥ.

ಸೆಟ್ಟಿಂಗುಗಳಲ್ಲಿ ನೋಡಬೇಕಾದವು ಮೂರು. ದೂರ ಕಿಲೋಮೀಟರಿನಲ್ಲಿಯೂ ಪೇಸ್, ಎಂದರೆ ಓಟದ ಗತಿ, ಕಿಲೋಮೀಟರಿಗೆ ನಿಮಿಷದಲ್ಲಿಯೂ ಇರಲಿ. ದಾಖಲೆಯ ಅಂತರವನ್ನು ಆಯ್ದುಕೊಳ್ಳುವ ಅವಕಾಶವಿದ್ದರೆ ಪ್ರತಿ ಸೆಕೆಂಡಿಗೊಮ್ಮೆ ದಾಖಲಿಸುವಂತೆ ಇಡಿ. ಬ್ಯಾಟರಿ ಉಳಿಸಲೆಂದು ಚುಕ್ಕೆಗಳನ್ನು ಕಡಿಮೆ ಮಾಡುವ ಕ್ರಮವು ಹಗಲಿಡೀ ನಡೆಯುವ ಕಾಡುದಾರಿಯ ಓಟಗಳಿಗಾಗಿ ಇರುವಂಥದ್ದು, ಐದು-ಹತ್ತು ಕಿಲೋಮೀಟರಿಗೆ ಅದರ ಅಗತ್ಯವಿಲ್ಲ. ಮೂರನೆಯದು ಉಪಗ್ರಹ ವ್ಯವಸ್ಥೆಯ ಆಯ್ಕೆ. ಮಲ್ಟಿಬ್ಯಾಂಡ್ ಅಥವಾ ಡ್ಯುಯಲ್ ಫ್ರೀಕ್ವೆನ್ಸಿ ಎಂಬ ಸೌಲಭ್ಯವಿದ್ದರೆ, ಎತ್ತರದ ಕಟ್ಟಡಗಳ ನಡುವೆ ಓಡುವವರು ಅದನ್ನು ಬಳಸಬೇಕು. ಒಂದೇ ಉಪಗ್ರಹ ಎರಡು ಬೇರೆ ಬೇರೆ ಆವರ್ತನಗಳಲ್ಲಿ ಕಳುಹಿಸುವ ಸಂಕೇತಗಳನ್ನು ಹಿಡಿದು, ಗೋಡೆಗೆ ತಾಗಿ ತಡವಾಗಿ ಬಂದ ಸಂಕೇತವನ್ನು ವಾಚ್ ಗುರುತಿಸಿ ಬದಿಗಿಡಲು ಇದರಿಂದ ಅನುಕೂಲವಾಗುತ್ತದೆ. ಬ್ಯಾಟರಿ ಬೇಗ ಕರಗುವುದು ಇದಕ್ಕೆ ತೆರುವ ಬೆಲೆ.

ನಾಲ್ಕು ನೂರು ಮೀಟರಿನ ಪರೀಕ್ಷೆ

ಅಳತೆ ಗೊತ್ತಿರುವ ಜಾಗದಲ್ಲಿ ಓಡಿ ನೋಡದ ಹೊರತು ವಾಚಿನ ಸ್ವಭಾವ ತಿಳಿಯುವುದಿಲ್ಲ. ಅಂತಹ ಜಾಗಗಳಲ್ಲಿ ಮೊದಲನೆಯದು ಅಥ್ಲೆಟಿಕ್ ಟ್ರ್ಯಾಕ್. ಬೆಂಗಳೂರಿನ ಕಂಠೀರವ, ಮೈಸೂರಿನ ಚಾಮುಂಡಿ ವಿಹಾರ, ಮಂಗಳೂರಿನ ಮಂಗಳಾ ಕ್ರೀಡಾಂಗಣಗಳಲ್ಲಿ ಸಿಂಥೆಟಿಕ್ ಟ್ರ್ಯಾಕುಗಳಿವೆ. ಸಾರ್ವಜನಿಕರಿಗೆ ಪ್ರವೇಶವಿರುವ ಸಮಯವನ್ನು ವಿಚಾರಿಸಿಕೊಂಡು ಹೋಗಬೇಕು; ತರಬೇತಿಯ ಮಕ್ಕಳು ವೇಗವಾಗಿ ಓಡುತ್ತಿರುವ ಹೊತ್ತಿನಲ್ಲಿ ಒಳಲೇನಿನಲ್ಲಿ ಕುಂಟುತ್ತ ವಾಚ್ ನೋಡಿಕೊಳ್ಳುವುದು ಸಭ್ಯತೆಯಲ್ಲ.

ಟ್ರ್ಯಾಕಿನ ಒಂದು ಸುತ್ತು 400 ಮೀಟರ್ ಎಂಬ ಮಾತು ಒಳಗಿನ ಮೊದಲ ಲೇನಿಗೆ ಮಾತ್ರ ನಿಜ, ಅದನ್ನೂ ಒಳ ಅಂಚಿನಿಂದ 30 ಸೆಂ.ಮೀ. ಹೊರಗೆ ಅಳೆಯಲಾಗುತ್ತದೆ. ಪ್ರತಿ ಲೇನಿನ ಅಗಲ 1.22 ಮೀ. ಇರುವುದರಿಂದ ಹೊರಹೊರಗೆ ಸರಿದಂತೆ ಸುತ್ತು ದೊಡ್ಡದಾಗುತ್ತದೆ: ಎರಡನೆಯ ಲೇನಿನ ಪೂರ್ಣ ಸುತ್ತು ಸುಮಾರು 407 ಮೀ., ನಾಲ್ಕನೆಯದು ಸುಮಾರು 422 ಮೀ., ಎಂಟನೆಯದು ಸುಮಾರು 453 ಮೀ. ನಾಲ್ಕನೆಯ ಲೇನಿನಲ್ಲಿ ಹತ್ತು ಸುತ್ತು ಓಡಿ, ನಾಲ್ಕು ಕಿ.ಮೀ. ಆಗಬೇಕಿದ್ದಲ್ಲಿ 4.22 ಬಂತೆಂದು ವಾಚಿಗೆ ಬೈದವರನ್ನು ನಾನು ಕಂಡಿದ್ದೇನೆ. ಪಾಪ, ಅಂದು ಆ ವಾಚ್ ಹೇಳಿದ್ದು ಬಹುತೇಕ ಸತ್ಯವನ್ನೇ.

ಪರೀಕ್ಷೆಯ ವಿಧಾನ ಸರಳವಾಗಿದೆ. ತಾನಾಗಿಯೇ ಲ್ಯಾಪ್ ಹಾಕುವ ಸೌಲಭ್ಯವನ್ನು ಆಫ್ ಮಾಡಿ, ಮೊದಲ ಲೇನಿನಲ್ಲಿ ಸಮ ಗತಿಯಲ್ಲಿ ಹತ್ತು ಸುತ್ತು ಓಡಿ, ಪ್ರತಿ ಸುತ್ತಿನ ಕೊನೆಗೆ ಅದೇ ಗೆರೆಯ ಮೇಲೆ ಲ್ಯಾಪ್ ಗುಂಡಿ ಒತ್ತಿ. ಮನೆಗೆ ಬಂದು ಹತ್ತು ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಗಮನಿಸಬೇಕು. ಹತ್ತೂ ಸುತ್ತುಗಳು 405, 406, 407 ಎಂದು ಒಂದೇ ಕಡೆಗೆ ವಾಲಿದ್ದರೆ ನಿಮ್ಮ ವಾಚಿನದು ಸ್ಥಿರವಾದ ದೋಷ. ಅದನ್ನು ಲೆಕ್ಕದಲ್ಲಿ ಸುಲಭವಾಗಿ ಕಳೆದುಕೊಳ್ಳಬಹುದು. ಒಂದು ಸುತ್ತು 388, ಮುಂದಿನದು 414, ಮತ್ತೊಂದು 396 ಎಂದು ಚದುರಿದ್ದರೆ ಸರಾಸರಿ 400ರ ಹತ್ತಿರವಿದ್ದರೂ ಅಂತಹ ವಾಚಿನ ಒಂದೊಂದು ಲ್ಯಾಪನ್ನು ನಂಬುವಂತಿಲ್ಲ. ಪ್ರತಿ ಸಲವೂ ಒಂದೇ ಬಗೆಯಲ್ಲಿ ತಪ್ಪುವ ವಾಚ್ ನನಗೆ ಒಪ್ಪಿಗೆ. ಒಮ್ಮೆ ಸರಿ, ಒಮ್ಮೆ ತಪ್ಪು ಹೇಳುವ ವಾಚನ್ನು ನಂಬಿ ಓಟದ ಲೆಕ್ಕ ಹಾಕಲಾಗದು.

ಸದಾ ತಿರುಗುತ್ತಲೇ ಇರಬೇಕಾದ್ದರಿಂದ ಟ್ರ್ಯಾಕ್ ಎಂಬುದು ಜಿಪಿಎಸ್ಸಿಗೆ ಕಠಿಣವಾದ ಪರೀಕ್ಷೆ. ಈ ಕಾರಣಕ್ಕೇ ಹಲವು ವಾಚುಗಳಲ್ಲಿ ಪ್ರತ್ಯೇಕ ಟ್ರ್ಯಾಕ್ ಓಟದ ಕ್ರಮವಿರುತ್ತದೆ. ಅದರಲ್ಲಿ ಲೇನಿನ ಸಂಖ್ಯೆಯನ್ನು ನಮೂದಿಸಿ ಮೊದಲ ಕೆಲವು ಸುತ್ತುಗಳನ್ನು ಅದೇ ಲೇನಿನಲ್ಲಿ ಓಡಿದರೆ ವಾಚ್ ಟ್ರ್ಯಾಕಿನ ಆಕಾರವನ್ನು ಗುರುತಿಸಿಕೊಂಡು ಮುಂದಿನ ದೂರವನ್ನು ಅದಕ್ಕೆ ಹೊಂದಿಸುತ್ತದೆ. ತರಬೇತಿಗೆ ಈ ಕ್ರಮ ಬಹಳ ಉಪಯುಕ್ತ, ಆದರೆ ವಾಚಿನ ಸಹಜ ದೋಷವನ್ನು ಅಳೆಯಹೊರಟಾಗ ಅದನ್ನು ಬಳಸಬಾರದು. ಬಳಸಿದರೆ ಪ್ರಶ್ನೆಪತ್ರಿಕೆಯ ಜೊತೆಗೆ ಉತ್ತರವನ್ನೂ ಕೊಟ್ಟಂತಾಗುತ್ತದೆ.

ಟ್ರ್ಯಾಕ್ ಸಿಗದವರಿಗೆ ಇನ್ನೊಂದು ದಾರಿಯಿದೆ. ತೆರೆದ ಬಯಲಿನ ನೇರ ರಸ್ತೆಯಲ್ಲಿ, ಶ್ರೀರಂಗಪಟ್ಟಣದ ಸುತ್ತಮುತ್ತಲಿನ ನಾಲೆಯ ಏರಿಯಂತಹ ಜಾಗದಲ್ಲಿ, ಒಂದು ಮರ ಅಥವಾ ತೂಬನ್ನು ಗುರುತಾಗಿಟ್ಟುಕೊಂಡು ಅಲ್ಲಿಯವರೆಗೆ ಓಡಿ, ಲ್ಯಾಪ್ ಒತ್ತಿ, ಬಂದ ದಾರಿಯಲ್ಲೇ ಮರಳಿ. ಹೋದ ದೂರವೂ ಬಂದ ದೂರವೂ ನಿಜದಲ್ಲಿ ಒಂದೇ ಆದ್ದರಿಂದ ಎರಡರ ನಡುವಿನ ವ್ಯತ್ಯಾಸವು ವಾಚಿನ ಚಂಚಲತೆಯನ್ನು ತೋರಿಸುತ್ತದೆ. ನಿಜವಾದ ಉದ್ದ ಎಷ್ಟೆಂಬುದು ಇದರಿಂದ ತಿಳಿಯದಿದ್ದರೂ ವಾಚ್ ತನ್ನ ಮಾತಿಗೆ ತಾನು ನಿಲ್ಲುತ್ತದೆಯೇ ಎಂಬುದು ತಿಳಿಯುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನಾನು ಶಿಫಾರಸು ಮಾಡುವುದಿಲ್ಲ: ರಸ್ತೆ ಅಗಲಿಸುವಾಗ ಕಲ್ಲನ್ನು ಕಿತ್ತು ಪಕ್ಕಕ್ಕೆ ನೆಟ್ಟಿರುವುದುಂಟು, ಅದಕ್ಕಿಂತ ಮಿಗಿಲಾಗಿ ಲಾರಿಗಳ ನಡುವೆ ಮಣಿಕಟ್ಟು ನೋಡುತ್ತ ಓಡುವುದು ಜೀವಕ್ಕೇ ಕುತ್ತು.

ಪೇಸ್: ಯಾವ ಅಂಕಿಯನ್ನು ನೋಡಬೇಕು

ಒಂದು ಕಿಲೋಮೀಟರ್ ಓಡಲು ಹಿಡಿಯುವ ನಿಮಿಷ ಮತ್ತು ಸೆಕೆಂಡುಗಳೇ ಪೇಸ್. ಕಿಲೋಮೀಟರಿಗೆ 6:00 ಎಂದರೆ ಗಂಟೆಗೆ 10 ಕಿ.ಮೀ., 5:00 ಎಂದರೆ ಗಂಟೆಗೆ 12 ಕಿ.ಮೀ. ಅಂಕಿ ಚಿಕ್ಕದಾದಷ್ಟೂ ಓಟ ವೇಗದ್ದು ಎಂಬುದು ಹೊಸಬರಿಗೆ ಮೊದಮೊದಲು ತಿರುಗುಮುರುಗಾಗಿ ಕಾಣುತ್ತದೆ, ಎರಡು ವಾರದಲ್ಲಿ ರೂಢಿಯಾಗುತ್ತದೆ.

ವಾಚ್ ತೋರಿಸುವ ಪೇಸುಗಳು ಮೂರು ಬಗೆಯವು: ಈ ಕ್ಷಣದ ಪೇಸ್, ಈ ಲ್ಯಾಪಿನ ಸರಾಸರಿ ಪೇಸ್, ಇಡೀ ಓಟದ ಸರಾಸರಿ ಪೇಸ್. ಹೊಸ ವಾಚಿನ ಮುಖಪರದೆಯಲ್ಲಿ ದೊಡ್ಡ ಅಕ್ಷರದಲ್ಲಿ ಕೂತಿರುವುದು ಸಾಮಾನ್ಯವಾಗಿ ಈ ಕ್ಷಣದ್ದು. ಅದನ್ನೇ ನಂಬಿ ಓಡುವುದು ಅಷ್ಟು ಜಾಣತನವಲ್ಲ. ಲೆಕ್ಕವನ್ನೇ ನೋಡೋಣ. ಸೆಕೆಂಡಿಗೆ 3 ಮೀಟರಿನಂತೆ ಓಡುತ್ತಿರುವವರ ಪೇಸ್ 5:33. ಚುಕ್ಕೆಯೊಂದು ಒಂದೇ ಒಂದು ಮೀಟರ್ ಮುಂದೆ ಬಿದ್ದರೆ ಆ ಸೆಕೆಂಡಿನಲ್ಲಿ ನೀವು 4 ಮೀಟರ್ ಓಡಿದಂತಾಗಿ ಪೇಸ್ 4:10 ಆಗುತ್ತದೆ. ಒಂದು ಮೀಟರ್ ಹಿಂದೆ ಬಿದ್ದರೆ 8:20. ಕಾಲು ಮಾತ್ರ ಒಂದೇ ಸಮನೆ ಓಡುತ್ತಿರುತ್ತದೆ. ಈ ಕುಣಿತವನ್ನು ತಗ್ಗಿಸಲು ವಾಚ್ ಹಿಂದಿನ ಹಲವು ಸೆಕೆಂಡುಗಳನ್ನು ಸೇರಿಸಿ ನಯಗೊಳಿಸಿದ ಅಂಕಿಯನ್ನು ತೋರಿಸುತ್ತದೆ. ಆಗ ಅಂಕಿ ಶಾಂತವಾಗುತ್ತದೆ, ಆದರೆ ತಡವಾಗುತ್ತದೆ. ನೀವು ವೇಗ ಹೆಚ್ಚಿಸಿದ್ದು ಅದಕ್ಕೆ ಗೊತ್ತಾಗುವುದು ಕೆಲವು ಸೆಕೆಂಡುಗಳ ನಂತರ. ತಡವಾಗಿ ಬರುವ ಈ ಅಂಕಿಯನ್ನು ಬೆನ್ನಟ್ಟುವವರು ಒಮ್ಮೆ ಹಾರುತ್ತ, ಒಮ್ಮೆ ಬ್ರೇಕ್ ಹಾಕುತ್ತ ಓಡಿ, ಅರ್ಧ ದಾರಿಯಲ್ಲೇ ದಣಿಯುತ್ತಾರೆ.

ಆದುದರಿಂದ ಪರದೆಯ ಮೇಲೆ ಲ್ಯಾಪ್ ಪೇಸ್, ಲ್ಯಾಪ್ ದೂರ ಮತ್ತು ಒಟ್ಟು ಸಮಯ ಈ ಮೂರನ್ನು ಇಟ್ಟುಕೊಳ್ಳುವುದು ನನ್ನ ಸಲಹೆ. ಲ್ಯಾಪ್ ಒಂದು ಕಿಲೋಮೀಟರಿನದಾಗಿದ್ದರೆ ಮೊದಲ ಇನ್ನೂರು ಮೀಟರಿನಲ್ಲಿ ಆ ಅಂಕಿಗೂ ಸ್ಥಿರತೆಯಿರುವುದಿಲ್ಲ, ಅಲ್ಲಿಂದ ಮುಂದೆ ಅದು ನಂಬಿಕೆಗೆ ಅರ್ಹವಾಗುತ್ತ ಹೋಗುತ್ತದೆ. ಇಡೀ ಓಟದ ಸರಾಸರಿಯನ್ನು ಎರಡನೆಯ ಪರದೆಗೆ ಕಳುಹಿಸಿಬಿಡಿ. ಎಂಟನೆಯ ಕಿಲೋಮೀಟರಿನಲ್ಲಿ ನೀವು ಎಷ್ಟೇ ನಿಧಾನವಾದರೂ ಅದು ಹಿಂದಿನ ಏಳರ ಪುಣ್ಯದ ಮೇಲೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ನಾನೂರು ಮೀಟರಿನ ಇಂಟರ್ವಲ್, ಎಂದರೆ ನಡುನಡುವೆ ವಿರಾಮ ಕೊಟ್ಟು ವೇಗದ ತುಣುಕುಗಳನ್ನು, ಓಡುವವರಿಗೆ ಪೇಸಿನ ಗೊಡವೆಯೇ ಬೇಡ. ಗೆರೆಯಿಂದ ಗೆರೆಗೆ ಎಷ್ಟು ಸೆಕೆಂಡು ಎಂದು ನೋಡಿಕೊಂಡರೆ ಅದಕ್ಕಿಂತ ಕರಾರುವಾಕ್ಕಾದ ಅಳತೆ ಇನ್ನೊಂದಿಲ್ಲ, ಅದಕ್ಕೆ ಯಾವ ಉಪಗ್ರಹವೂ ಬೇಕಿಲ್ಲ.

ಟ್ರಾಫಿಕ್ ಸಿಗ್ನಲ್ ಬಂದಲ್ಲಿ ನೀವು ನಿಂತಾಗ ವಾಚಿನ ಎಣಿಕೆಯೂ ತಾನೇ ನಿಲ್ಲುವ ಆಟೊ ಪಾಜ್ (auto pause) ಎಂಬ ಸೌಲಭ್ಯದ ಬಗ್ಗೆ ಒಂದು ಮಾತು. ಪೇಟೆಯ ರಸ್ತೆಯಲ್ಲಿ ಅಭ್ಯಾಸದ ದಿನ ಅದರಿಂದ ಪೇಸಿನ ಲೆಕ್ಕ ಸ್ವಚ್ಛವಾಗಿರುತ್ತದೆ. ಕಡಿದಾದ ಏರಿನಲ್ಲಿ ನಡೆಯತೊಡಗಿದಾಗಲೂ ಮರದ ದಟ್ಟ ನೆರಳಿನಲ್ಲೂ ನೀವು ನಿಂತಿದ್ದೀರೆಂದು ಅದು ತಪ್ಪಾಗಿ ತಿಳಿಯುವುದುಂಟು. ಸ್ಪರ್ಧೆಯ ದಿನವಂತೂ ಅದನ್ನು ಆಫ್ ಮಾಡಲೇಬೇಕು. ನೀರಿನ ಮೇಜಿನ ಬಳಿ ನಿಂತ ಹೊತ್ತನ್ನು ಆಯೋಜಕರ ಗಡಿಯಾರ ಮಾಫಿ ಮಾಡುವುದಿಲ್ಲ.

ಮರ, ಮೇಲ್ಸೇತುವೆ, ಬೆಟ್ಟ

ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್ ಓಡಲು ಎಷ್ಟು ಹಿತವೋ ಜಿಪಿಎಸ್ಸಿಗೆ ಅಷ್ಟೇ ತೊಡಕಿನ ಜಾಗಗಳು. ದಟ್ಟ ಎಲೆಗಳು, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಗಳು, ಮೊದಲೇ ಕ್ಷೀಣವಾಗಿರುವ ಸಂಕೇತವನ್ನು ಇನ್ನಷ್ಟು ಕುಗ್ಗಿಸುತ್ತವೆ. ಎಂ.ಜಿ. ರಸ್ತೆಯ ಕಟ್ಟಡಗಳ ನಡುವೆ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಸಂಕೇತ ಗಾಜಿನ ಗೋಡೆಗೆ ತಾಗಿ, ಸುತ್ತು ಹಾಕಿ, ತಡವಾಗಿ ವಾಚಿಗೆ ಬರುತ್ತದೆ. ಬೆಳಕಿನ ವೇಗದಲ್ಲಿ ಸಾಗುವ ಸಂಕೇತ ಒಂದು ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಮೀ. ಕ್ರಮಿಸುವುದರಿಂದ, ಅದರ ಇಪ್ಪತ್ತನೆಯ ಒಂದು ಪಾಲು ತಡವಾದರೂ ಆ ಉಪಗ್ರಹದ ದೂರದಲ್ಲಿ 15 ಮೀಟರಿನ ತಪ್ಪಾಗುತ್ತದೆ. ನೀವು ಪಾದಚಾರಿ ಮಾರ್ಗದಲ್ಲೇ ಓಡಿದ್ದರೂ ನಕ್ಷೆಯ ಗೆರೆ ಅಂಗಡಿಗಳ ಒಳಹೊಕ್ಕು ಹೊರಬಂದಿರುವುದು ಹೀಗೆ. ಮೆಟ್ರೊ ಮಾರ್ಗದ ಅಥವಾ ಮೇಲ್ಸೇತುವೆಯ ಅಡಿಯಲ್ಲಿ ಉದ್ದಕ್ಕೂ ಓಡಿದಾಗ ಆ ಭಾಗದ ಪೇಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ವಾಸಿ.

ಬೆಟ್ಟದ ಓಟಗಾರರು ಬೇರೊಂದು ಪ್ರಶ್ನೆ ಕೇಳುತ್ತಾರೆ: ಏರುದಾರಿಯ ಓರೆ ದೂರವನ್ನು ವಾಚ್ ಸಪಾಟಾಗಿ ಅಳೆದರೆ ನಷ್ಟವಲ್ಲವೇ ಎಂದು. ನಷ್ಟವಿದ್ದರೂ ಅದು ನಗಣ್ಯ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡಿದಾದ ದಾರಿಯಲ್ಲೂ ಓರೆ ದೂರವು ಸಪಾಟು ದೂರಕ್ಕಿಂತ ಸುಮಾರು ಅರ್ಧ ಶೇಕಡಾ ಮಾತ್ರ ಹೆಚ್ಚು, ಎಂದರೆ ಕಿಲೋಮೀಟರಿಗೆ ಐದು ಮೀಟರ್. ಚಾಮುಂಡಿ ಬೆಟ್ಟವನ್ನೋ ನಂದಿ ಬೆಟ್ಟವನ್ನೋ ಏರುವಾಗ ದಾರಿಯ ಸುರುಳಿ ತಿರುವುಗಳಲ್ಲಿ ಕಳೆದುಹೋಗುವ ದೂರ ಇದಕ್ಕಿಂತ ಹೆಚ್ಚಿರಬಹುದು.

ಟ್ರೆಡ್‌ಮಿಲ್ ಮತ್ತು ಶೂಗೆ ಕಟ್ಟುವ ಫುಟ್ ಪಾಡ್

ಸೂರಿನ ಕೆಳಗೆ ಉಪಗ್ರಹದ ನೆರವಿಲ್ಲ; ಅಲ್ಲಿ ಹೆಜ್ಜೆಯ ಲೆಕ್ಕವೇ ಗತಿ. ಒಳಾಂಗಣ ಓಟಕ್ಕೆ ಮೊದಲು ಅದೇ ವಾಚನ್ನು ಕಟ್ಟಿಕೊಂಡು ಬಯಲಿನಲ್ಲಿ ಕೆಲವು ಸಲ ಓಡಿರಬೇಕು, ಏಕೆಂದರೆ ಬಯಲಿನಲ್ಲಿ ಜಿಪಿಎಸ್ ಕೊಟ್ಟ ದೂರಕ್ಕೆ ಹೋಲಿಸಿಯೇ ಹಲವು ವಾಚುಗಳು ನಿಮ್ಮ ಹೆಜ್ಜೆಯ ಉದ್ದವನ್ನು ಕಲಿಯುತ್ತವೆ. ಟ್ರೆಡ್‌ಮಿಲ್ಲಿನ ಕೈಹಿಡಿಯನ್ನು ಹಿಡಿದುಕೊಂಡು ಓಡಿದರೆ ಮಣಿಕಟ್ಟು ಆಡುವುದಿಲ್ಲ, ವಾಚಿಗೆ ಹೆಜ್ಜೆಯೇ ಸಿಗುವುದಿಲ್ಲ.

ಶೂವಿನ ಲೇಸಿಗೆ ಸಿಕ್ಕಿಸುವ ಫುಟ್ ಪಾಡ್ ಈ ವಿಷಯದಲ್ಲಿ ಮಣಿಕಟ್ಟಿಗಿಂತ ಮೇಲು, ಏಕೆಂದರೆ ಅದು ಪಾದದ ಚಲನೆಯನ್ನೇ ನೇರವಾಗಿ ಗ್ರಹಿಸುತ್ತದೆ. ಅದನ್ನು ಹೊಂದಿಸುವ ಲೆಕ್ಕ ಹೀಗಿದೆ. ಟ್ರ್ಯಾಕಿನ ಮೊದಲ ಲೇನಿನಲ್ಲಿ ಮೂರು ಸುತ್ತು, ಎಂದರೆ 1200 ಮೀ. ಓಡಿ. ಪಾಡ್ 1176 ಮೀ. ತೋರಿಸಿತೆಂದುಕೊಳ್ಳಿ. 1200ನ್ನು 1176ರಿಂದ ಭಾಗಿಸಿದರೆ 1.02 ಬರುತ್ತದೆ, ಪಾಡಿನ ಅಳತೆಯನ್ನು ತಿದ್ದಲು ಸೆಟ್ಟಿಂಗಿನಲ್ಲಿರುವ ಹಳೆಯ ಗುಣಾಂಕ 100 ಆಗಿದ್ದರೆ ಅದನ್ನು 102 ಎಂದು ತಿದ್ದಬೇಕು. ಶೂ ಬದಲಿಸಿದಾಗಲೂ ಪಾಡನ್ನು ಲೇಸಿನ ಬೇರೆ ಭಾಗಕ್ಕೆ ಸರಿಸಿದಾಗಲೂ ಇದನ್ನು ಮತ್ತೆ ಮಾಡಬೇಕಾಗುತ್ತದೆ.

ಟ್ರೆಡ್‌ಮಿಲ್ಲಿನ ಅಂಕಿಯನ್ನೇ ಸತ್ಯವೆಂದು ಹಿಡಿದು ವಾಚನ್ನು ಅದಕ್ಕೆ ತಿದ್ದುವವರು ಮೊದಲು ಟ್ರೆಡ್‌ಮಿಲ್ಲನ್ನೇ ಪರೀಕ್ಷಿಸುವುದು ಒಳ್ಳೆಯದು. ಯಂತ್ರ ನಿಂತಿರುವಾಗ ಪಟ್ಟಿಯ ಪೂರ್ತಿ ಸುತ್ತಳತೆಯನ್ನು ಟೇಪಿನಿಂದ ಅಳೆದು, ಅಂಚಿನಲ್ಲಿ ಸೀಮೆಸುಣ್ಣದ ಗುರುತು ಹಾಕಿ. ನೀವು ಓಡುತ್ತಿರುವಾಗ ಬದಿಯಲ್ಲಿ ನಿಂತ ಇನ್ನೊಬ್ಬರು ಒಂದು ನಿಮಿಷದಲ್ಲಿ ಆ ಗುರುತು ಎಷ್ಟು ಸಲ ಬಂತೆಂದು ಎಣಿಸಲಿ. ಪಟ್ಟಿ 3 ಮೀ. ಇದ್ದು 50 ಸಲ ಬಂದರೆ ನಿಮಿಷಕ್ಕೆ 150 ಮೀ., ಗಂಟೆಗೆ 9 ಕಿ.ಮೀ., ಪೇಸ್ 6:40. ಯಂತ್ರದ ಪರದೆ 9.6 ಎನ್ನುತ್ತಿದ್ದರೆ ಯಾವುದನ್ನು ನಂಬಬೇಕೆಂದು ಸೀಮೆಸುಣ್ಣವೇ ಹೇಳುತ್ತದೆ.

ಸ್ಪರ್ಧೆಯ ದಿನದ ಲೆಕ್ಕ

ಅಧಿಕೃತವಾಗಿ ಪ್ರಮಾಣೀಕರಿಸಿದ ಓಟದ ದಾರಿಯನ್ನು ಜಿಪಿಎಸ್ಸಿನಿಂದ ಅಳೆಯುವುದಿಲ್ಲ. ಸೈಕಲ್ಲಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆಯ ಯಂತ್ರವನ್ನು ಜೋಡಿಸಿ, ಉಕ್ಕಿನ ಟೇಪಿನಿಂದ ಅಳೆದ ದೂರಕ್ಕೆ ಅದನ್ನು ಹೊಂದಿಸಿ, ಓಟಗಾರ ಕ್ರಮಿಸಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವಿನ ಅಂಚಿನಿಂದ 30 ಸೆಂ.ಮೀ. ಅಂತರದಲ್ಲಿ ಸೈಕಲ್ ಓಡಿಸುತ್ತಾರೆ. ದಾರಿ ಎಲ್ಲಿಯೂ ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದರಂತೆ, ಹತ್ತು ಕಿಲೋಮೀಟರಿಗೆ ಹತ್ತು ಮೀಟರ್ ಸೇರಿಸುತ್ತಾರೆ. ಓಡುವವರಾದರೋ ಗುಂಪನ್ನು ಬಳಸಿಕೊಂಡು, ನೀರಿನ ಮೇಜಿಗೆ ಅಡ್ಡ ಹೋಗಿ, ತಿರುವಿನ ಹೊರಬದಿಯಲ್ಲಿ ಸಾಗಿ ಇನ್ನಷ್ಟು ದೂರ ಕ್ರಮಿಸಿರುತ್ತಾರೆ. ಇದಕ್ಕೆ ವಾಚಿನ ಸ್ವಂತ ದೋಷವೂ ಕೂಡಿಕೊಂಡರೆ 10.15 ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಇದರ ಪರಿಣಾಮವನ್ನು ಮೊದಲೇ ಲೆಕ್ಕಕ್ಕೆ ತಂದುಕೊಳ್ಳದಿದ್ದರೆ ಗುರಿ ತಪ್ಪುತ್ತದೆ. ಹತ್ತು ಕಿ.ಮೀ. ಒಂದು ಗಂಟೆಯೊಳಗೆ ಮುಗಿಸಬೇಕೆಂದು ವಾಚಿನಲ್ಲಿ 6:00 ಪೇಸ್ ಹಿಡಿದು ಓಡುವವರು, ವಾಚ್ 10.15 ತೋರಿಸುವಾಗ ಗೆರೆ ತಲುಪಿದರೆ 60 ನಿಮಿಷ 54 ಸೆಕೆಂಡಿಗೆ ತಲುಪುತ್ತಾರೆ. ಗಂಟೆಯೊಳಗೆ ಮುಗಿಯಬೇಕಾದರೆ 3600 ಸೆಕೆಂಡನ್ನು 10.15ರಿಂದ ಭಾಗಿಸಿ, ವಾಚಿನಲ್ಲಿ 5:54 ಕಾಣುವಂತೆ ಓಡಬೇಕು. 21.0975 ಕಿ.ಮೀ. ಉದ್ದದ ಅರೆ ಮ್ಯಾರಥಾನನ್ನು ಎರಡು ಗಂಟೆಯಲ್ಲಿ ಮುಗಿಸಲು ರಸ್ತೆಯ ಪೇಸ್ 5:41 ಆದರೆ, ಒಂದೂವರೆ ಶೇಕಡಾ ಹೆಚ್ಚು ತೋರಿಸುವ ವಾಚಿನಲ್ಲಿ ಅದು 5:36 ಆಗಬೇಕಾಗುತ್ತದೆ. ಹಿಂದಿನ ಸ್ಪರ್ಧೆಗಳಲ್ಲಿ ನಿಮ್ಮ ವಾಚ್ ಎಷ್ಟು ತೋರಿಸಿತ್ತೆಂಬುದನ್ನು ತೆಗೆದು ನೋಡಿದರೆ ಈ ಶೇಕಡಾವಾರು ಸುಲಭವಾಗಿ ಸಿಗುತ್ತದೆ.

ಇನ್ನೂ ಉತ್ತಮವಾದ ಉಪಾಯವೆಂದರೆ ತಾನಾಗಿ ಬೀಳುವ ಲ್ಯಾಪನ್ನು ನಿಲ್ಲಿಸಿ, ರಸ್ತೆಬದಿಯ ಪ್ರತಿ ಕಿಲೋಮೀಟರ್ ಫಲಕದ ಬಳಿ ಕೈಯಿಂದಲೇ ಗುಂಡಿ ಒತ್ತುವುದು. ಆಗ ವಾಚಿನ ದೂರ ಏನೇ ಹೇಳಲಿ, ಫಲಕದಿಂದ ಫಲಕಕ್ಕೆ ಹಿಡಿದ ಸಮಯ ನಿಮ್ಮ ಕೈಯಲ್ಲಿರುತ್ತದೆ. ಫಲಕವನ್ನು ಕಟ್ಟುವವರು ಹತ್ತಿರದ ಕಂಬಕ್ಕೆ ಕಟ್ಟಿಬಿಡುವುದೂ ಉಂಟು, ಆದ್ದರಿಂದ ಒಂದು ಕಿಲೋಮೀಟರ್ ತೀರ ಬೇಗ, ಮುಂದಿನದು ತೀರ ನಿಧಾನ ಎಂದು ಕಂಡರೆ ಗಾಬರಿಯಾಗದೆ ಎರಡನ್ನೂ ಕೂಡಿಸಿ ನೋಡಬೇಕು. ಗುಂಡಿ ಒತ್ತುವುದನ್ನು ಅಭ್ಯಾಸದ ಓಟಗಳಲ್ಲೇ ರೂಢಿಸಿಕೊಂಡಿರದಿದ್ದರೆ ಸ್ಪರ್ಧೆಯ ಗಡಿಬಿಡಿಯಲ್ಲಿ ಲ್ಯಾಪಿನ ಬದಲು ನಿಲ್ಲಿಸುವ ಗುಂಡಿಗೆ ಬೆರಳು ಹೋಗುತ್ತದೆ. ನನಗೇ ಒಮ್ಮೆ ಹಾಗಾಗಿ ಹದಿಮೂರನೆಯ ಕಿಲೋಮೀಟರಿನಿಂದ ಮುಂದಿನದೆಲ್ಲ ದಾಖಲಾಗದೆ ಹೋಯಿತು.

ಮುಗಿದ ಮೇಲೆ

ಓಟದ ದಾಖಲೆಯನ್ನು ಸ್ಟ್ರಾವಾದಂತಹ ಆ್ಯಪಿಗೆ ಏರಿಸುವವರು ಎರಡು ವಿಷಯ ತಿಳಿದಿರಬೇಕು. ವಾಚಿನಲ್ಲಿದ್ದ ದೂರಕ್ಕೂ ಆ್ಯಪಿನಲ್ಲಿ ಕಾಣುವ ದೂರಕ್ಕೂ ಸಣ್ಣ ವ್ಯತ್ಯಾಸ ಬರಬಹುದು. ಆ್ಯಪ್ ತನ್ನದೇ ರೀತಿಯಲ್ಲಿ ಚುಕ್ಕೆಗಳನ್ನು ಮತ್ತೆ ಕೂಡಿಸುವುದಾಗಲಿ, ನಿಂತ ಹೊತ್ತನ್ನು ಕಳೆದು ಪೇಸ್ ತೋರಿಸುವುದಾಗಲಿ ಇದಕ್ಕೆ ಕಾರಣ. ಹೋಲಿಸುವಾಗ ಯಾವಾಗಲೂ ಒಂದೇ ಮೂಲದ ಅಂಕಿಗಳನ್ನು ಹೋಲಿಸಿ. ಇನ್ನೊಂದು ವಿಷಯ ಸುರಕ್ಷತೆಯದು. ದಿನವೂ ಒಂದೇ ಹೊತ್ತಿಗೆ ಒಂದೇ ಬಾಗಿಲಿನಿಂದ ಹೊರಡುವ ಗೆರೆಯನ್ನು ಯಾರು ಬೇಕಾದರೂ ನೋಡುವಂತೆ ಇಡುವುದು ಮನೆಯ ವಿಳಾಸವನ್ನು ಬೀದಿಯಲ್ಲಿ ಅಂಟಿಸಿದಂತೆ. 2018ರ ಆರಂಭದಲ್ಲಿ ಸ್ಟ್ರಾವಾದ ಜಾಗತಿಕ ನಕ್ಷೆಯಿಂದ ಸೈನಿಕ ನೆಲೆಗಳೇ ಬಯಲಾದ ಸುದ್ದಿ ದೊಡ್ಡದಾಗಿತ್ತು. ಓಟದ ಆರಂಭ ಮತ್ತು ಅಂತ್ಯದ ಭಾಗವನ್ನು ಮರೆಮಾಡುವ ಸೌಲಭ್ಯ ಇಂತಹ ಆ್ಯಪುಗಳ ಗೋಪ್ಯತೆಯ ಸೆಟ್ಟಿಂಗಿನಲ್ಲಿ ಸಿಗುತ್ತದೆ. ಮೊದಲ ಓಟವನ್ನು ಏರಿಸುವ ಮುನ್ನವೇ ಅದನ್ನು ಆನ್ ಮಾಡಿಡಿ.

ವಾಚ್ ಬದಲಿಸುವ ಕಾಲ ಬಂದಾಗ ಹಳೆಯದನ್ನು ಕೂಡಲೇ ಕೊಟ್ಟುಬಿಡಬೇಡಿ. ಒಂದು ವಾರ ಎರಡನ್ನೂ ಕಟ್ಟಿಕೊಂಡು, ಒಂದು ಎಡಗೈಗೆ, ಇನ್ನೊಂದು ಬಲಗೈಗೆ, ನಿಮ್ಮ ಮಾಮೂಲಿ ದಾರಿಯಲ್ಲೇ ಓಡಿ ಎರಡರ ದೂರವನ್ನೂ ಬರೆದಿಟ್ಟುಕೊಳ್ಳಿ. ಹಳೆಯದು 8.12 ಎಂದದ್ದನ್ನು ಹೊಸದು 8.03 ಎಂದರೆ ನಿಮ್ಮ ಪೇಸ್ ಕಿಲೋಮೀಟರಿಗೆ ನಾಲ್ಕು ಸೆಕೆಂಡಿನಷ್ಟು ಕುಸಿದಂತೆ ಕಾಣುತ್ತದೆ. ಓಟದ ದಾಖಲೆಯಲ್ಲಿ ಆ ದಿನಾಂಕದ ಎದುರು ವಾಚ್ ಬದಲಾಯಿತು ಎಂದು ಬರೆದಿಟ್ಟರೆ, ಆರು ತಿಂಗಳ ನಂತರ ಹಿಂತಿರುಗಿ ನೋಡುವಾಗ ಆ ಕುಸಿತಕ್ಕೆ ಕಾಲುಗಳ ಮೇಲೆ ತಪ್ಪು ಹೊರಿಸಬೇಕಾಗುವುದಿಲ್ಲ.